ಮೊಣಕಾಲಿನ ತೇಪೆ

ಭಾನುವಾರ, ಮಾರ್ಚ್ ಎಂಟು
ಅಂಗಡಿಯ ಕತ್ತರಿ ಮೇಜಿನಿಂದ

ಅಳಿಯನಿಗೆ,

ಆಶೀರ್ವಾದ. ಬೇಕಾದರೆ ತೆಗೆದುಕೋ, ಬೇಡವಾದರೆ ಪಕ್ಕದಲ್ಲಿಡು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಭ್ಯಾಸ ನನಗಿಲ್ಲ. ‘ಅಳಿಯ’ ಎಂದು ಬರೆದದ್ದಕ್ಕೆ ಹುಬ್ಬು ಏರಿಸಬೇಡ. ನೀನೊಂದು ಊರಲ್ಲಿ, ನನ್ನ ಮಗಳೊಂದು ಊರಲ್ಲಿ ಬಾಗಿಲು ಹಾಕಿಕೊಂಡು ಕೂತು ಮೂರು ವರ್ಷವಾಯಿತು, ನಿಜ. ಆದರೆ ಯಾವ ಕಾಗದಕ್ಕೂ ಇನ್ನೂ ಯಾರೂ ರುಜು ಹಾಕಿಲ್ಲ. ಹಾಕುವ ತನಕ ನೀನು ನನ್ನ ಅಳಿಯನೇ. ಹಾಕಿದ ಮೇಲೆ ಏನೆಂದು ಕರೆಯಬೇಕೆಂದು ಆಗ ಯೋಚಿಸುತ್ತೇನೆ.

ಅಳಿಯನಿಗೆ ‘ನೀವು’ ಎನ್ನಬೇಕು ಎನ್ನುತ್ತಾರೆ. ಮದುವೆಯಾದ ವಾರ ನಾನೂ ಪ್ರಯತ್ನಪಟ್ಟೆ. ‘ನಿಮ್ಮದು ಊಟ ಆಯ್ತಾ?’ ಎಂದು ಕೇಳಿದರೆ, ನಿನ್ನ ಹಿಂದೆ ಇನ್ಯಾರು ಬಂದು ನಿಂತರೋ ಎಂದು ತಿರುಗಿ ನೋಡಿದವನು ನೀನು. ಅವತ್ತೇ ಬಿಟ್ಟೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮಿಬ್ಬರ ಫೋನಿನ ಚಂದ ನಿನಗೆ ಗೊತ್ತೇ ಇದೆ. ನಾನು ‘ಹೇಗಿದ್ದೀಯ’ ಎನ್ನುತ್ತೇನೆ, ನೀನು ‘ಹ್ಞೂಂ’ ಎನ್ನುತ್ತೀಯ, ನಾನು ‘ಸರಿ, ಇಡ್ತೀನಿ’ ಎನ್ನುತ್ತೇನೆ. ನಿನ್ನ ಫುಟ್‌ಬಾಲ್ ಟೀಮಿನ ಹುಡುಗರು ನಿನಗೆ ‘ಗೋಡೆ’ ಎಂದು ಹೆಸರಿಟ್ಟದ್ದು, ನೀನು ಗೋಲಿನ ಮುಂದೆ ನಿಂತರೆ ಚೆಂಡು ಒಳಗೆ ಹೋಗುವುದಿಲ್ಲ ಎಂದು. ನಮ್ಮ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವವಳು ಮಾತ್ರ ಬೇರೆ ಕಾರಣ ಹೇಳುತ್ತಿದ್ದಳು: ‘ಗೋಡೆಗೂ ಕಿವಿ ಇರುತ್ತಂತೆ ಅಮ್ಮ, ಈ ಗೋಡೆಗೆ ಬಾಯಿ ಇಡೋದು ಮರೆತಿದ್ದಾರೆ.’ ಗೋಡೆಗೆ ಹೇಳುವ ವಿಷಯವಿದ್ದರೆ ಬರೆದು ಅಂಟಿಸುವುದೇ ವಾಸಿ. ಅದಕ್ಕೇ ಈ ಪತ್ರ.

ಇದನ್ನು ಬರೆಯುತ್ತಿರುವುದು ನನ್ನ ಮಗಳಿಗೆ ಗೊತ್ತಿಲ್ಲ. ಅವಳು ಒಳಮನೆಯಲ್ಲಿ ತಾನು ಆಟ ಕಲಿಸುವ ಶಾಲೆಯ ಟೀಮಿನ ಬನಿಯನ್ನುಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ನೀನು ರೂಮು ಬದಲಿಸಿದ್ದೀಯ ಎಂದು ಮೊಮ್ಮಗಳು ಬುಗುರಿ ಹೇಳಿದಳು. ಹೊಸ ವಿಳಾಸ ಆ ಮಗುವಿಗೆ ಗೊತ್ತಿಲ್ಲ. ಹೋದ ತಿಂಗಳು ಮಗಳನ್ನು ಸುಮ್ಮನೆ ಕೇಳಿ ನೋಡಿದ್ದೆ. ‘ನನ್ನ ಹತ್ರ ಯಾಕಿರುತ್ತಮ್ಮ?’ ಎಂದು ಸೂಜಿ ಚುಚ್ಚಿದ ಹಾಗೆ ಉತ್ತರ ಬಂತು. ಆದ್ದರಿಂದ ಇದನ್ನು ನಿನ್ನ ಲಿಫ್ಟ್ ಕಂಪನಿಯ ವಿಳಾಸಕ್ಕೇ ಹಾಕುತ್ತೇನೆ. ನೀನು ಯಾವ ಕಟ್ಟಡದ ಯಾವ ಲಿಫ್ಟಿನ ಮೇಲೆ ಹತ್ತಿ ಕೂತು ರಿಪೇರಿ ಮಾಡುತ್ತಿದ್ದರೂ ಅವರು ತಲುಪಿಸಲಿ.

ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳ ಬಲ ಮೊಣಕಾಲಿನ ಒಳಗಿನ ಹುರಿ ಹರಿದಿದೆ. ಆಪರೇಷನ್ ಆಗಬೇಕು. ಅದಕ್ಕೆ ನಿನ್ನ ತೊಡೆಯ ಹಿಂಭಾಗದ ಹುರಿ ಬೇಕು. ಹೀಗೆ ಒಮ್ಮೆಲೇ ಬರೆದರೆ ಗಾಬರಿಯಾಗುತ್ತದೆ ಎಂದು ಬಲ್ಲೆ, ಆದರೆ ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕೂತುಕೊಂಡು ಓದು.

ಇವತ್ತು ಬೆಳಿಗ್ಗೆ ಅವಳು ಫೋನಿನಲ್ಲಿ ನಿನಗೆ ಹೇಳಿದ್ದೆಲ್ಲ ಸುಳ್ಳು. ಹೋದ ಭಾನುವಾರದ್ದೂ ಸುಳ್ಳು, ಅದರ ಹಿಂದಿನದ್ದೂ. ‘ಅಪ್ಪ, ಅವಳು ಎಡಗಡೇನೇ ಹೊಡೀತಾಳೆ ಅಂತ ನಂಗೆ ಗೊತ್ತಿತ್ತು, ಅವಳ ಕಣ್ಣು ನೋಡ್ದೆ, ಹಾರ್ದೆ, ಬೆರಳ ತುದೀಲಿ ತಳ್ಬಿಟ್ಟೆ!’ ಎಂದು ಕೂಗಿ ಹೇಳಿದಳಲ್ಲ, ಆಗ ಅವಳು ಕೂತಿದ್ದು ನನ್ನ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ, ಅಸ್ತರಿನ ಬಟ್ಟೆಯ ಸುರುಳಿಯ ಮೇಲೆ ಹಿಮ್ಮಡಿ ಇಟ್ಟು, ಕಾಲು ಚಾಚಿಕೊಂಡು. ಆ ಕಡೆಯಿಂದ ನಿನ್ನ ನಗು ನನಗೂ ಕೇಳಿಸಿತು. ನೀನು ನಗುವುದೇ ಅಪರೂಪ. ನನ್ನ ಕಾಲು ಪೆಡಲ್ಲಿನ ಮೇಲೆ ಹಾಗೇ ನಿಂತಿತು.

ಫೋನು ಇಟ್ಟ ಮೇಲೆ ‘ಯಾವ ಮ್ಯಾಚೇ ಅದು?’ ಎಂದೆ. ‘ಹೋದ ವರ್ಷದ್ದು ಅಜ್ಜಿ. ಸ್ವಲ್ಪ ಉದ್ದ ಮಾಡ್ದೆ’ ಎಂದಳು, ನಾನು ಯೂನಿಫಾರ್ಮು ಉದ್ದ ಮಾಡುತ್ತೇನಲ್ಲ, ಆ ಧಾಟಿಯಲ್ಲಿ. ‘ನಿಜ ಹೇಳೋಕೆ ಏನು ರೋಗ?’ ಎಂದೆ. ತಲೆ ಬಗ್ಗಿಸಿ ಅಸ್ತರಿನ ದಾರ ಕಿತ್ತಳು. ‘ಅಪ್ಪನ ಹತ್ರ ಬೇರೆ ಏನು ಮಾತಾಡೋದು ಅಜ್ಜಿ? ಗೋಲಿನ ಮಾತು ಬಿಟ್ರೆ ಅಪ್ಪ ಹ್ಞೂಂ ಅಂತಾರೆ ಅಷ್ಟೆ.’

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ. ನಮ್ಮ ಕೂಸು ಬಡವಾಗಲಿಲ್ಲ, ಕಥೆ ಕಟ್ಟುವುದನ್ನು ಕಲಿಯಿತು.

ಆದದ್ದು ಹೀಗೆ. ಚಳಿಗಾಲದ ರಜೆಗೆ ಮುಂಚೆ ಶಾಲೆಯ ಮೈದಾನದಲ್ಲಿ. ಯಾರೂ ತಳ್ಳಲಿಲ್ಲ, ಒದೆಯಲಿಲ್ಲ. ಚೆಂಡು ಎಸೆದು ಗಿರಕ್ಕನೆ ತಿರುಗಿದಳು. ನಡೆಯಲು ಕಲಿತಾಗಿನಿಂದ ತಿರುಗುವುದೇ ಅವಳ ಕೆಲಸ, ಬುಗುರಿ ಎಂದು ಹೆಸರಿಟ್ಟವನೂ ನೀನೇ. ಮೈ ತಿರುಗಿತು, ಕಾಲು ನೆಲದಲ್ಲೇ ನಿಂತಿತು. ಒಳಗೆ ‘ಟಕ್’ ಎಂದಿತಂತೆ. ಆ ‘ಟಕ್’ ವಿಷಯ ಅವಳು ಯಾರಿಗೂ ಹೇಳಲಿಲ್ಲ, ಬಿದ್ದೆ ಎಂದಳು. ನನ್ನ ಮಗಳು ಆಗ ದೊಡ್ಡ ಮಕ್ಕಳ ಟೀಮು ಕರೆದುಕೊಂಡು ಪರ ಊರಿಗೆ ಹೋಗಿದ್ದಳು. ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ನಾನು ಐಸು ಇಟ್ಟೆ, ಟೇಪು ಹಿಡಿದೆ. ದಿನಾ ಎರಡೂ ಮೊಣಕಾಲು ಅಳೆದೆ. ಎರಡೂ ಒಂದೇ ಅಳತೆಗೆ ಬಂದ ದಿನ ‘ಆಯ್ತು, ಏಳು, ಓಡಾಡು’ ಎಂದೆ. ಟೇಪು ಸುಳ್ಳು ಹೇಳಲಿಲ್ಲ. ಹೊರಗಿನದನ್ನು ಕೇಳಿದೆ, ಹೊರಗಿನದನ್ನು ಹೇಳಿತು.

ಆಮೇಲೊಂದು ದಿನ ಅವಳು ಶಾಲೆಯ ಚೀಲ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ಆ ಮೊಣಕಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿತು. ಬೀಳಲಿಲ್ಲ, ಪಕ್ಕದ ಕಂಬಿ ಹಿಡಿದಳು. ಕೆಳಗೆ ನಿಂತಿದ್ದ ನನ್ನ ಮಗಳ ಕೈಯಿಂದ ಬೀಗದ ಕೈ ಬಿತ್ತು. ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಕಾಲು ಹಾಗೆ ಜಾರುವುದನ್ನು ಅವಳು ತನ್ನದೇ ಎರಡು ಮೊಣಕಾಲಿನಲ್ಲಿ ಕಂಡವಳು.

ಮೂಳೆ ಡಾಕ್ಟರಮ್ಮ ಚಿಕ್ಕವಳು. ಶಾಲೆಗೆ ಹೋಗುವಾಗ ನಮ್ಮಲ್ಲೇ ಯೂನಿಫಾರ್ಮು ಹೊಲಿಸಿದವಳು. ಎತ್ತರಕ್ಕೆ ಬೆಳೆಯುತ್ತಾಳೆ ಎಂದು ಅವಳ ಸ್ಕರ್ಟಿಗೆ ಎರಡು ಮಡಿಕೆ ಜಾಸ್ತಿ ಬಿಟ್ಟು ಹೊಲಿಯುತ್ತಿದ್ದೆ. ಚಿತ್ರ ಬರೆದು ತೋರಿಸಿದಳು. ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಕಟ್ಟಿ ಹಿಡಿದಿರುವುದು ಒಂದು ಗಟ್ಟಿ ಹುರಿ. ಅದಕ್ಕೆ ಅವಳು ಲಿಗಮೆಂಟು ಎಂದಳು. ಹರಿದದ್ದನ್ನು ಹೊಲಿದರೆ ಅಷ್ಟಾಗಿ ನಿಲ್ಲುವುದಿಲ್ಲವಂತೆ, ತುದಿಗಳು ಪೊರಕೆಯ ಹಾಗೆ ಬಿಚ್ಚಿಕೊಂಡಿರುತ್ತವಂತೆ. ಆದ್ದರಿಂದ ತೊಡೆಯ ಹಿಂಭಾಗದಿಂದ ಬೇರೆ ಹುರಿ ತೆಗೆದು, ಮಡಚಿ ದಪ್ಪ ಮಾಡಿ, ಮೂಳೆಯಲ್ಲಿ ತೂತು ಕೊರೆದು, ಎಳೆದು, ಆ ಕಡೆ ಒಂದು ಸಣ್ಣ ಲೋಹದ ಗುಂಡಿ ಹಾಕಿ ನಿಲ್ಲಿಸುತ್ತಾರೆ. ಅಂಗಡಿಗೆ ಬಂದು ಇದನ್ನು ಹೇಳಿದರೆ ಕಾಜಾದವಳು ಸೂಜಿ ಕೆಳಗಿಟ್ಟು, ‘ಗುಂಡಿ ಸರಿ, ಕಾಜಾ ಯಾರು ಹಾಕ್ತಾರೆ? ನನ್ನ ಕರೀಲಿಲ್ವಾ?’ ಎಂದಳು. ಅವತ್ತು ಬುಗುರಿ ನಕ್ಕಿದ್ದು ಅದೊಂದಕ್ಕೆ.

ಈಗ ಕೇಳು. ಆ ಹುರಿ ಯಾರದು ಎಂಬುದೇ ಪ್ರಶ್ನೆ. ಮಗುವಿನದೇ ತೆಗೆಯೋಣ ಎಂದರೆ, ಅವಳದಿನ್ನೂ ದಾರದ ಹಾಗೆ ತೆಳ್ಳಗಿದೆ, ಸಾಲುವುದಿಲ್ಲ. ತಾಯಿಯದು? ನಿನ್ನ ಹೆಂಡತಿಯ ಎರಡೂ ಕಾಲಿನ ಹುರಿ ಅವಳ ಎರಡು ಮೊಣಕಾಲಿಗೇ ಎಂದೋ ಖರ್ಚಾಗಿದೆ, ನೀನು ಬಲ್ಲೆ. ಸತ್ತವರು ದಾನ ಮಾಡಿದ್ದೂ ಸಿಗುತ್ತದಂತೆ. ಆದರೆ ಓಡುವ ಹಾರುವ ಮಕ್ಕಳಿಗೆ ಅದು ಅಷ್ಟು ಬಾಳಿಕೆ ಬರುವುದಿಲ್ಲ ಎಂದಳು ಡಾಕ್ಟರಮ್ಮ. ಬದುಕಿರುವ ಅಪ್ಪ ಇರುವಾಗ ಸತ್ತವರ ಹತ್ತಿರ ಯಾಕೆ ಕೈ ಚಾಚಬೇಕು?

ಇನ್ನೊಂದು ದಾರಿಯನ್ನೂ ನಾನು ನೋಡಿದೆ. ಮರುದಿನ ಒಬ್ಬಳೇ ಹೋಗಿ, ‘ನನ್ನದು ತೆಗಿ’ ಎಂದೆ. ‘ಅಮ್ಮಾ, ನಿಮ್ಮ ವಯಸ್ಸಿಗೆ ಅದು ಹಳೇ ಎಲಾಸ್ಟಿಕ್ಕು’ ಎಂದಳು. ‘ನಿನ್ನ ಯೂನಿಫಾರ್ಮು ಹೊಲಿದ ಕಾಲು ಇದು. ಈಗಲೂ ದಿನಪೂರ್ತಿ ಮಷಿನ್ನು ತುಳಿಯುತ್ತೆ’ ಎಂದು ಕಾಲೆತ್ತಿ ಅವಳ ಮೇಜಿನ ಮೇಲೇ ಇಟ್ಟೆ. ಪೆನ್ನು, ಕಾಗದ, ಪ್ಲಾಸ್ಟಿಕ್ ಮೂಳೆ ಎಲ್ಲ ಆ ಕಡೆ ಉರುಳಿದವು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಎರಡೂ ಕೈಯಲ್ಲಿ ನನ್ನ ಕಾಲು ಹಿಡಿದು ಮೆಲ್ಲಗೆ ಕೆಳಗಿಟ್ಟು, ‘ತುಳಿಯೋ ಕಾಲು ಬೇರೆ ಅಮ್ಮ, ಹಾರೋ ಕಾಲು ಬೇರೆ. ಇವಳ ತಂದೆ ಇದ್ದಾರಲ್ವಾ?’ ಎಂದಳು. ‘ಇದ್ದಾನೆ’ ಎಂದೆ. ವಾಪಸು ಬರುವಾಗ ಕಂಬಿ ಮುಟ್ಟದೆ ಮೆಟ್ಟಿಲಿಳಿದೆ. ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ, ಆ ಮಾತು ಬೇರೆ.

ನಮ್ಮ ಅಂಗಡಿಯ ಪದ್ಧತಿ ನಿನಗೆ ಹೇಳಿಕೊಡಬೇಕಾಗಿಲ್ಲ. ದೊಡ್ಡವರ ಪ್ಯಾಂಟು ಮೊಣಕಾಲಿನಲ್ಲಿ ಹರಿದರೆ ಅದರದೇ ಕಾಲಿನ ಮಡಿಕೆಯ ಒಳಗಿನಿಂದ ಬಟ್ಟೆ ತೆಗೆದು ತೇಪೆ ಹಾಕುತ್ತೇನೆ, ಬಣ್ಣ ಕೂಡುತ್ತದೆ. ಮಕ್ಕಳ ಪ್ಯಾಂಟಿನ ಮಡಿಕೆಯನ್ನು ಮಾತ್ರ ಮುಟ್ಟುವುದಿಲ್ಲ, ಅದು ಅವರು ಬೆಳೆಯಲೆಂದು ಬಿಟ್ಟ ಬಟ್ಟೆ. ಮಕ್ಕಳ ತಾಯಂದಿರಿಗೆ ನಾನು ಹೇಳುವುದು ಒಂದೇ: ‘ಮನೇಲಿ ಅವರಪ್ಪಂದು ಹಳೇ ಪ್ಯಾಂಟು ಇದ್ರೆ ತನ್ನಿ.’ ಇಷ್ಟು ವರ್ಷ ಇದನ್ನು ಹೇಳುತ್ತಾ ಬಂದವಳು ನನ್ನ ಮನೆಯ ಮಗುವಿಗೆ ಹೇಳದಿದ್ದರೆ ಹೇಗೆ?

ಈಚೆಗೆ ನನಗೆ ಹಳೆಯದೇ ನೆನಪು. ಇದೇ ಮೇಜು. ನನ್ನ ಮಗಳ ಮೊದಲ ಮೊಣಕಾಲಿನ ಆಪರೇಷನ್ ಆಗಿ, ಮೆಟ್ಟಿಲು ಹತ್ತಲಾರಳೆಂದು ಅವಳನ್ನು ಇದರ ಮೇಲೇ ಮಲಗಿಸಿದ್ದೆ. ವಾಲಿಬಾಲ್ ಬಲೆಯ ಮುಂದೆ ಹಾರಿ ತಪ್ಪಿ ಇಳಿದು ತಂದುಕೊಂಡದ್ದು. ನಿನ್ನ ಮಾವ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಂಗಡಿ ನಾನೇ ನಡೆಸಬೇಕು, ಅವಳನ್ನೂ ನಾನೇ ನೋಡಬೇಕು. ಹೊಲಿಗೆಯ ಬೆಳಕಿನ ಕೆಳಗೇ ಅವಳು, ಅವಳ ಕಾಲ ಪಕ್ಕದಲ್ಲೇ ನನ್ನ ಕತ್ತರಿ. ವ್ಯಾಯಾಮ ಹೇಳಿಕೊಡುತ್ತಿದ್ದವನು, ‘ಬಗ್ಗಿಸೋದು ತಾನಾಗೇ ಬರುತ್ತೆ ಅಮ್ಮ, ಪೂರ್ತಿ ನೆಟ್ಟಗೆ ಮಾಡೋದೇ ಕಷ್ಟ. ಅದು ಈಗಲೇ ಆಗ್ಬೇಕು’ ಎಂದಿದ್ದ. ಹಿಮ್ಮಡಿಯ ಕೆಳಗೆ ಬಟ್ಟೆಯ ಸುರುಳಿ, ಮೊಣಕಾಲಿನ ಮೇಲೆ ಭಾರಕ್ಕೆ ನನ್ನ ಗುಂಡಿಗಳ ಚೀಲ. ಅವಳು ಹಲ್ಲು ಕಚ್ಚಿಕೊಂಡು ಮಲಗುವಳು. ಅಳುವವಳಲ್ಲ. ಯಾರ ಮಗಳು!

ಆಗ ಬಂದವನು ನೀನು, ಮೊಣಕಾಲು ಹರಿದ ಪ್ಯಾಂಟು ಹಿಡಿದುಕೊಂಡು. ಗೋಲಿನ ಮುಂದೆ ಬಿದ್ದೇಳುವ ಹುಡುಗ, ಹರಿಯುವುದು ಸಹಜ ಎಂದು ತೇಪೆ ಹಾಕಿಕೊಟ್ಟೆ. ಮುಂದಿನ ವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು. ಕಾಜಾದವಳು ನಿನ್ನ ಮುಖಕ್ಕೇ ಕೇಳಿದಳು: ‘ಏನಪ್ಪಾ, ಹರಿದಿರೋದು ಪ್ಯಾಂಟಾ, ಮನಸ್ಸಾ?’ ನೀನು ‘ಹ್ಞೂಂ’ ಎಂದೆ. ಯಾವುದಕ್ಕೆ ಹ್ಞೂಂ ಎಂದೆಯೋ ಇಂದಿಗೂ ತಿಳಿಯದು.

ಒಂದು ಮಧ್ಯಾಹ್ನ ಅವಳಿಗೆ ನೋವು ಜಾಸ್ತಿಯಾಗಿ ಗುಂಡಿಯ ಚೀಲ ಕಿತ್ತು ಎಸೆದಳು. ಗುಂಡಿಗಳೆಲ್ಲ ಅಂಗಡಿ ತುಂಬ ಚೆಲ್ಲಿದವು. ನೀನು ಬಗ್ಗಿ ಒಂದೊಂದಾಗಿ ಆರಿಸಿ ಚೀಲ ತುಂಬಿಸಿಟ್ಟೆ. ಆಮೇಲೆ ಖಾಲಿ ದಾರದ ಉರುಳೆಗಳನ್ನು ತೆಗೆದುಕೊಂಡು ಮೇಜಿನ ಆ ತುದಿಯಲ್ಲಿ ನಿಂತು ಅವಳ ಪಾದದ ಕಡೆಗೆ ಒಂದನ್ನು ಉರುಳಿಸಿದೆ. ಅದು ಅವಳ ಕಾಲ ಪಕ್ಕದಿಂದ ಹಾದು ಕೆಳಗೆ ಬಿತ್ತು. ‘ಗೋಲ್’ ಎಂದೆ. ಅಷ್ಟೇ. ಅವಳು ಕಣ್ಣು ಕೆಂಪು ಮಾಡಿಕೊಂಡು ನಿನ್ನನ್ನು ನೋಡಿದಳು. ಎರಡನೆಯದು ಉರುಳಿಸಿದೆ. ಅದನ್ನು ತಡೆಯಲು ಕಾಲು ಚಾಚಿದಳು. ಯಾವ ಡಾಕ್ಟರು ಬೈದರೂ ನೆಟ್ಟಗಾಗದ ಮೊಣಕಾಲು ಅವತ್ತು ಮೇಜಿಗೆ ಅಂಟಿತು. ಆಮೇಲೆ ದಿನಾ ಅದೇ ಆಟ. ಸೋತರೆ ನೀನು ಒಂದು ಉರುಳೆ ಜೇಬಿಗೆ ಹಾಕಿಕೊಂಡು ಹೋಗಬೇಕು, ಅದೇ ಪಂದ್ಯ. ನಿನ್ನ ಜೇಬು ಯಾವಾಗಲೂ ಉಬ್ಬಿರುತ್ತಿತ್ತು. ಯಾರ ಚೆಂಡನ್ನೂ ಒಳಗೆ ಬಿಡದ ಗೋಡೆ ಅಷ್ಟೊಂದು ಸಲ ಹೇಗೆ ಸೋತಿತು ಎಂದು ನಾನು ಕೇಳಲಿಲ್ಲ.

ಆಪರೇಷನ್ ಆದ ಕಾಲಿನ ತೊಡೆ ಸೊರಗುತ್ತದೆ. ವಾರಕ್ಕೊಮ್ಮೆ ನಾನು ಟೇಪು ತೆಗೆದು ಅಳೆಯುವಾಗ ನೀನು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಗೋಡೆ ಗೋಡೆಯನ್ನು ನೋಡುತ್ತಾ ನಿಂತಿತ್ತು. ‘ಎಷ್ಟು?’ ಎಂದು ನೀನೇ ಮೊದಲು ಕೇಳುತ್ತಿದ್ದೆ. ಒಂದು ಬೆರಳಿನಷ್ಟು ಹೆಚ್ಚಾಗಿದೆ ಎಂದರೆ ನಿನ್ನ ಕತ್ತಿನ ಹಿಂಭಾಗ ಕೆಂಪಾಗುತ್ತಿತ್ತು. ಅಷ್ಟು ಚೆನ್ನಾಗಿ ಮಾತಾಡುವ ಕತ್ತನ್ನು ನಾನು ಬೇರೆ ಕಂಡಿಲ್ಲ. ಆ ಅಂಗಡಿಯೂ ಇದೇ, ಆ ಟೇಪೂ ಇದೇ. ನಗು ಮಾತ್ರ ಆಗಿನಷ್ಟು ಇಲ್ಲ.

ಸರಿ, ಅದೆಲ್ಲ ಆಯಿತು. ಮೂರು ವರ್ಷದ ಹಿಂದೆ ನೀನು ಊಟಕ್ಕೆ ಕೂತವನು, ‘ದೊಡ್ಡ ಊರಿಗೆ ಹಾಕಿದ್ದಾರೆ, ಒಪ್ಕೊಂಡೆ’ ಎಂದೆ. ನನ್ನ ಮಗಳು, ‘ಸರಿ, ಹೋಗಿ’ ಎಂದಳು. ಇಬ್ಬರೂ ತಟ್ಟೆ ತೊಳೆದಿಟ್ಟಿರಿ. ಎತ್ತು ಏರಿಗೆ, ಕೋಣ ನೀರಿಗೆ. ಆಮೇಲೆ ಅವಳನ್ನು ಕೇಳಿದೆ: ‘ಹೋಗ್ಬೇಡಿ ಅಂತ ಒಂದು ಮಾತು ಅನ್ನಬಾರದಾ?’ ‘ನಾನ್ಯಾಕೆ ಅನ್ನಲಿ? ಇರೋ ಮನಸ್ಸಿದ್ರೆ ಇರ್ತಿದ್ರು.’ ನಿನ್ನನ್ನೂ ಬಸ್ ನಿಲ್ದಾಣದಲ್ಲಿ ಕೇಳಿದೆ: ‘ಜೊತೆಗೆ ಬಾ ಅಂತ ಕರೆದ್ಯಾ?’ ‘ಬರೋದಿದ್ರೆ ಬರ್ತಿದ್ಲು ಅತ್ತೆ.’ ಇಷ್ಟೇ ನಿಮ್ಮ ಜಗಳ. ಬೇರೆಯವರ ಮನೆಯಲ್ಲಿ ಪಾತ್ರೆ ಹಾರುತ್ತವೆ; ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಅದು ನನ್ನ ತಾಯಿಯಿಂದ ನನಗೆ, ನನ್ನಿಂದ ಮಗಳಿಗೆ ಬಂದದ್ದು. ನೀನು ಅದನ್ನು ಎಲ್ಲಿಂದ ತಂದೆಯೋ ಗೊತ್ತಿಲ್ಲ, ಆದರೆ ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದ್ದೆ.

ಡಾಕ್ಟರಮ್ಮ ತಂದೆಯ ಮಾತು ಎತ್ತಿದ್ದನ್ನು ಹೇಳಿದಾಗ ಮಗಳು ಪಟ್ಟಾಗಿ ಕೂತಳು. ‘ಅವರನ್ನ ಕೇಳೋದು ಬೇಡ. ಇವಳಿಗೆ ಇನ್ನೂ ನಾಲ್ಕು ವರ್ಷ ಹೋಗಲಿ, ಇವಳದೇ ದಪ್ಪ ಆಗುತ್ತೆ, ಆಗ ಮಾಡ್ಸೋಣ’ ಎಂದಳು. ಅಷ್ಟರಲ್ಲಿ ಆ ಕಾಲು ಇನ್ನೆಷ್ಟು ಸಲ ಜಾರುತ್ತದೋ. ಒಂದೊಂದು ಸಲ ಜಾರಿದಾಗಲೂ ಒಳಗಿನ ಮೆತ್ತೆ ಸವೆಯುತ್ತದೆ, ಆಮೇಲೆ ಆಟವಿರಲಿ, ನಡಿಗೆಯೇ ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ‘ಕೇಳಿದ್ರೆ ಬರಲ್ಲ ಅಂತ ಹೆದರಿಕೆಯಾ?’ ಎಂದೆ. ‘ಇಲ್ಲಮ್ಮ. ಕೇಳಿದ್ರೆ ಬಂದೇ ಬರ್ತಾರೆ. ಅದಕ್ಕೇ ಕೇಳಲ್ಲ’ ಎಂದಳು. ಹೇಳಿ, ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಬನಿಯನ್ನಿನ ಮೇಲೆ ಉಜ್ಜುತ್ತಾ ನಿಂತಳು. ಕರಕು ವಾಸನೆ ಬಂದ ಮೇಲೆ ಎತ್ತಿದಳು.

ಅವಳು ಕೇಳುವುದಿಲ್ಲ. ಮಗು ಸುಳ್ಳು ಹೇಳುತ್ತದೆ. ಉಳಿದವಳು ನಾನು. ಆದ್ದರಿಂದ ನಾನು ಕೇಳುತ್ತಿದ್ದೇನೆ. ಬಾ.

ಈ ಒಂದು ಅಕ್ಷರ ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ನಿನಗೆ ಹೇಳುವುದಿಲ್ಲ.

ಬಂದರೆ ನಿನಗೇನಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಮೊದಲು ರಕ್ತ ಪರೀಕ್ಷೆ. ಮೊಣಕಾಲಿನ ಕೆಳಗೆ ಸಣ್ಣ ಗಾಯ ಮಾಡಿ ಹುರಿ ಎಳೆದುಕೊಳ್ಳುತ್ತಾರೆ. ಕೆಲವು ವಾರ ಕುಂಟುತ್ತೀಯ. ತೆಗೆದ ಜಾಗದಲ್ಲಿ ಬಹಳ ಜನರಿಗೆ ಅದು ತಾನಾಗಿ ಮತ್ತೆ ಬೆಳೆಯುತ್ತದಂತೆ. ‘ಹಲ್ಲಿ ಬಾಲದ ಹಾಗೆ’ ಎಂದು ಕಾಜಾದವಳು ಸಮಾಧಾನ ಹೇಳುತ್ತಾಳೆ. ಆದರೆ ಆ ಕಾಲಿಗೆ ಮೊದಲಿನ ಕಸುವು ಪೂರ್ತಿ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಲಿಫ್ಟಿನ ಬಾವಿಯೊಳಗೆ ಏಣಿ ಹಿಡಿದು ಹತ್ತಿ ಇಳಿಯುವ ನಿನ್ನ ಕೆಲಸಕ್ಕೆ ಕೆಲವು ತಿಂಗಳು ನಿನ್ನನ್ನು ಬಿಡುವುದಿಲ್ಲ. ಅವರು ನೆಲದ ಮೇಲಿನ ಕೆಲಸ ಕೊಡುತ್ತಾರೋ, ಬೇರೆಯವನನ್ನು ಇಟ್ಟುಕೊಳ್ಳುತ್ತಾರೋ, ನೀನೇ ವಿಚಾರಿಸು. ಯೋಚಿಸಿ ಇಲ್ಲವೆಂದರೆ ಇಲ್ಲವೆನ್ನು. ನೀನು ಇಲ್ಲವೆಂದದ್ದು ಬುಗುರಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ನನಗೆ ಸೇರಿದ್ದು. ಅಷ್ಟರ ಮಟ್ಟಿಗೆ ನಾನೂ ಸುಳ್ಳು ಹೇಳಬಲ್ಲೆ.

ಹೌದೆಂದರೆ, ಎಲ್ಲಿ ಉಳಿಯುವುದು ಎಂದು ಹೋಟೆಲ್ಲು ಹುಡುಕುತ್ತಾ ನಿಲ್ಲಬೇಡ. ಇಬ್ಬರು ಕುಂಟರನ್ನು ಮಹಡಿ ಹತ್ತಿಸಲು ನನ್ನಿಂದಾಗದು. ಈ ಮೇಜು ಬುಗುರಿಗೆ. ನಿನಗೆ ಅದರ ಪಕ್ಕದಲ್ಲಿ ಮಂಚ ಹಾಕುತ್ತೇನೆ. ಖಾಲಿ ಉರುಳೆಗಳನ್ನು ಎಸೆದಿಲ್ಲ; ಯಾವ ಹೊಲಿಗೆಯವಳೂ ಎಸೆಯುವುದಿಲ್ಲ, ಅದಕ್ಕೆ ಬೇರೆ ಅರ್ಥ ಕಟ್ಟಬೇಡ.

ಬ್ಯಾಂಡೇಜು ಕಟ್ಟಿದ ಕಾಲು ಮಾಮೂಲಿ ಪ್ಯಾಂಟಿನೊಳಗೆ ಹೋಗುವುದಿಲ್ಲ. ಹಿಂದೆ ಮಗಳಿಗೆ ಹೊಲಿದಿದ್ದೆನಲ್ಲ, ಪಕ್ಕದಲ್ಲಿ ಉದ್ದಕ್ಕೂ ಗುಂಡಿ ಇಟ್ಟು ಬಿಚ್ಚುವಂಥದು, ಅದೇ ಮಾದರಿಯಲ್ಲಿ ಎರಡು ಹೊಲಿದಿದ್ದೇನೆ. ಒಂದು ಚಿಕ್ಕದು, ಒಂದು ದೊಡ್ಡದು. ಒಂದೇ ತಾನಿನ ಬಟ್ಟೆ. ನಿನ್ನ ಅಳತೆ ನನ್ನ ತಲೆಯಲ್ಲೇ ಇದೆ. ಈಗ ಹೊಟ್ಟೆ ಬಂದಿದ್ದರೆ ತಪ್ಪು ನಿನ್ನದು, ನನ್ನದಲ್ಲ.

ಅಳತೆಯ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ನೀನು ಬುದ್ಧಿವಂತ ಅಂದುಕೊಂಡಿದ್ದೀಯ. ಬಿದ್ದು ಹರಿದ ಬಟ್ಟೆಯ ಅಂಚಿನಲ್ಲಿ ದಾರಗಳು ಚೆದರಿ ನಿಲ್ಲುತ್ತವೆ, ನಡುವೆ ಮಣ್ಣು ಇರುತ್ತದೆ. ಮೊದಲನೆಯ ಪ್ಯಾಂಟು ಹಾಗೆ ಹರಿದದ್ದು. ಎರಡನೆಯದರಿಂದ ಮುಂದಕ್ಕೆ ಬಂದದ್ದೆಲ್ಲ ಬ್ಲೇಡಿನಲ್ಲಿ ಕುಯ್ದದ್ದು; ಗೆರೆ ಎಳೆದ ಹಾಗೆ ನೆಟ್ಟಗೆ. ಒಂದಕ್ಕಂತೂ ಒಗೆದು ಮಡಚಿದ ಗೆರೆ ಹಾಗೇ ಇತ್ತು. ಅಂಗಡಿಯಲ್ಲಿ ಕತ್ತರಿ ಹಿಡಿದು ಬದುಕಿದವಳಿಗೆ ಹರಿದದ್ದಕ್ಕೂ ಕುಯ್ದದ್ದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವೇ? ಗೊತ್ತಿದ್ದೂ ಪ್ರತಿ ಸಲ ‘ಮುಂದಿನ ವಾರ ಬಾ’ ಎಂದೆ. ಹೊಲಿದಿಟ್ಟ ತೇಪೆಯನ್ನು ಇನ್ನೂ ಆಗಿಲ್ಲ ಎಂದು ನಿನ್ನನ್ನು ವಾಪಸು ಕಳಿಸಿದ್ದೂ ಉಂಟು.

ಈ ಸಲ ಪ್ಯಾಂಟು ಕುಯ್ದುಕೊಂಡು ಬರುವ ಅಗತ್ಯವಿಲ್ಲ. ಹಾಗೇ ಬಾ.

ಇಂತು,
ನಿನ್ನ ಅತ್ತೆ

ತಾ.ಕ.: ಲಕೋಟೆಯ ಮೇಲೆ ನಿನ್ನ ಕಂಪನಿಯ ಹೆಸರು ಬರೆಯಬೇಕೆಂದು, ಪತ್ರದ ಮೇಲೆ ಕತ್ತರಿ ಹೇರಿಟ್ಟು, ಬುಗುರಿಯ ಮೊಣಕಾಲಿನ ಮೇಲಿಟ್ಟ ಐಸು ಬದಲಿಸಲು ಮಹಡಿಗೆ ಹೋಗಿದ್ದೆ. ಬಂದು ನೋಡಿದರೆ ಪತ್ರ ಇಟ್ಟ ಜಾಗದಲ್ಲೇ ಇದೆ, ಆದರೆ ಕತ್ತರಿಯ ಹಿಡಿ ಆ ಕಡೆಗೆ ತಿರುಗಿದೆ. ಪಕ್ಕದಲ್ಲಿದ್ದ ಲಕೋಟೆಯ ಮೇಲೆ ವಿಳಾಸ ಬರೆದಾಗಿದೆ, ಕಂಪನಿಯದಲ್ಲ. ಬೀದಿ, ಮನೆಯ ನಂಬರು, ಮೂರನೇ ಮಹಡಿ, ಎಡಗಡೆಯ ಬಾಗಿಲು ಎಂಬುದರ ತನಕ. ಒಳಮನೆಯಲ್ಲಿ ಇಸ್ತ್ರಿಯ ಸದ್ದು ಮತ್ತೆ ಶುರುವಾಗಿದೆ. ನಾನೂ ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಆ ಅಕ್ಷರ ಯಾರದೆಂದು ನಿನಗೆ ನಾನು ಬರೆಯಬೇಕಾಗಿಲ್ಲ. ಇದನ್ನೆಲ್ಲ ಓದುವುದಕ್ಕೆ ಮೊದಲೇ ನೀನು ಅದನ್ನು ಓದಿರುತ್ತೀಯ.